ಬಾಣಂತನಕ್ಕೆ ಅಮೆರಿಕ, ಪ್ರವಾಸಕ್ಕೆ ಯುರೋಪ್: ಸಂದರ್ಶಕರ ವೀಸಾ ಕುರಿತ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಗೆ ಮೂರು ಎಕರೆ ಜಮೀನಿದೆ, ಕಬ್ಬು ಮತ್ತು ಭತ್ತ ಬೆಳೆಯುತ್ತೇವೆ. ಮಗಳು, ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾರೆ. ಮಗಳಿಗೆ ಇದು ಚೊಚ್ಚಲ ಹೆರಿಗೆಯಾದ್ದರಿಂದ ಬಾಣಂತನಕ್ಕೆಂದು ನಾವಿಬ್ಬರೂ ಹೋಗಬೇಕೆಂದಿದ್ದೇವೆ. ನಾವು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದವರಲ್ಲ, ಇಂಗ್ಲಿಷೂ ಬರುವುದಿಲ್ಲ. ಇಪ್ಪತ್ತು ಲಕ್ಷ ರೂಪಾಯಿಯನ್ನು ಒಂದು ತಿಂಗಳ ಮಟ್ಟಿಗೆ ಖಾತೆಯಲ್ಲಿ ತೋರಿಸಬೇಕು, ಬಾಣಂತನದ ಮಾತನ್ನೇ ಎತ್ತಬಾರದು, ಒಮ್ಮೆ ವೀಸಾ ಸಿಕ್ಕರೆ ಹತ್ತು ವರ್ಷ ಅಲ್ಲಿರಬಹುದು ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಇದು ನಿಜವೇ?
— ರೈತ ದಂಪತಿ, ಪಾಂಡವಪುರ ತಾಲ್ಲೂಕು

ಉತ್ತರ: ಆ ಮೂರು ಮಾತುಗಳಲ್ಲಿ ಒಂದೂ ಸರಿಯಲ್ಲ. ಕೊನೆಯದು ಅಪಾಯಕಾರಿಯೂ ಆಗಿರುವುದರಿಂದ ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ನೀವು ಅರ್ಜಿ ಹಾಕಬೇಕಾದುದು ಬಿ-1/ಬಿ-2 ಎಂಬ ಸಂದರ್ಶಕರ ವೀಸಾಕ್ಕೆ. ಭಾರತೀಯರಿಗೆ ಇದನ್ನು ಸಾಮಾನ್ಯವಾಗಿ ಹತ್ತು ವರ್ಷದ ಅವಧಿಗೆ, ಹಲವು ಬಾರಿ ಹೋಗಿಬರಲು ಅವಕಾಶವಿರುವಂತೆ ಕೊಡುತ್ತಾರೆ. ಆದರೆ ಆ ಹತ್ತು ವರ್ಷವೆಂಬುದು ಅಮೆರಿಕದ ಬಾಗಿಲಿಗೆ ಹೋಗಿ ಪ್ರವೇಶ ಕೇಳುವುದಕ್ಕೆ ಇರುವ ಅವಧಿಯೇ ಹೊರತು ಒಳಗೆ ಉಳಿಯುವ ಅವಧಿಯಲ್ಲ. ಎಷ್ಟು ದಿನ ಉಳಿಯಬಹುದೆಂಬುದನ್ನು ನೀವು ವಿಮಾನದಿಂದ ಇಳಿದಾಗ ಅಲ್ಲಿನ ಗಡಿ ಅಧಿಕಾರಿ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರಾದರೂ ಅದು ನಿಮ್ಮ ಹಕ್ಕಲ್ಲ, ಕಡಿಮೆಯನ್ನೂ ಕೊಡಬಹುದು. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ವಿಮಾನದಲ್ಲಿ ಹೋದವರಿಗೆ ಇದು ಈಗ ಕಾಗದದ ಚೀಟಿಯಾಗಿ ಬರುವುದಿಲ್ಲ; ಅಮೆರಿಕ ಸರ್ಕಾರದ ಜಾಲತಾಣದಿಂದ ಪಡೆಯಬೇಕು. ಮನೆ ತಲುಪಿದ ಮಾರನೆಯ ದಿನವೇ ಮಗಳ ಕೈಯಲ್ಲಿ ಅದನ್ನು ಮುದ್ರಿಸಿಕೊಂಡು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಅದರಲ್ಲಿರುವ ದಿನಾಂಕವನ್ನು ಒಂದು ದಿನ ಮೀರಿದರೂ ನಿಮ್ಮ ಹತ್ತು ವರ್ಷದ ವೀಸಾ ಅಸಿಂಧುವಾಗುತ್ತದೆ. 180 ದಿನಕ್ಕಿಂತ ಹೆಚ್ಚು ಮೀರಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಮೀರಿದವರಿಗೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಹೆರಿಗೆ ತೊಡಕಾಗಿ ಇನ್ನಷ್ಟು ದಿನ ಉಳಿಯಲೇಬೇಕಾಗಿ ಬಂದರೆ, ಆ ದಿನಾಂಕ ಮುಗಿಯುವ ಮೊದಲೇ ಐ-539 ಅರ್ಜಿಯ ಮೂಲಕ ವಿಸ್ತರಣೆ ಕೋರಬಹುದು.

ಇನ್ನು ಹಣದ ವಿಚಾರ. ಅಮೆರಿಕದ ಸಂದರ್ಶಕರ ವೀಸಾಕ್ಕೆ ಖಾತೆಯಲ್ಲಿ ಇಷ್ಟೇ ಲಕ್ಷ ಇರಬೇಕೆಂಬ ನಿಯಮವಿಲ್ಲ. ನಿಮ್ಮ ಪ್ರಯಾಣದ ವೆಚ್ಚ ಭರಿಸುವವರು ಯಾರು, ಅವರಿಗೆ ಆ ಶಕ್ತಿ ಇದೆಯೇ ಎಂಬುದಷ್ಟೇ ಪ್ರಶ್ನೆ. ಮಗಳು, ಅಳಿಯ ಭರಿಸುವುದಾದರೆ ಅದನ್ನೇ ಅರ್ಜಿಯಲ್ಲಿ ಬರೆಯಿರಿ. ವರ್ಷವೆಲ್ಲ ಮೂವತ್ತು ನಲವತ್ತು ಸಾವಿರ ಆಡುತ್ತಿದ್ದ ಖಾತೆಗೆ ಅರ್ಜಿಯ ಹಿಂದಿನ ವಾರ ಇಪ್ಪತ್ತು ಲಕ್ಷ ಬಂದು ಕುಳಿತರೆ, ಅದು ಯಾರದೋ ಹಣವೆಂದು ಸ್ಟೇಟ್‌ಮೆಂಟ್ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಆ ಹಣಕ್ಕೆ ನೀವು ಬಡ್ಡಿಯನ್ನೂ ಕೊಡಬೇಕಾಗುತ್ತದೆ. ದಯವಿಟ್ಟು ಆ ಸಾಲಕ್ಕೆ ಕೈ ಹಾಕಬೇಡಿ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆಯ ವಿನಾಯಿತಿ ಇರುವುದರಿಂದ ರಿಟರ್ನ್ಸ್ ಇಲ್ಲವೆಂದು ಅಳುಕಬೇಕಾಗಿಯೂ ಇಲ್ಲ. ಪಹಣಿ, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಜಮೆಯಾದದ್ದನ್ನು ತೋರಿಸುವ ಬ್ಯಾಂಕ್ ಪಾಸ್‌ಬುಕ್, ಮನೆಯ ಖಾತೆ ಪತ್ರ, ಇವೇ ನಿಮ್ಮ ದಾಖಲೆಗಳು.

ವೀಸಾ ಕೊಡುವ ಅಧಿಕಾರಿ ಅಳೆಯುವುದು ಇನ್ನೊಂದನ್ನು. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಸೆಕ್ಷನ್ ಪ್ರಕಾರ, ಸಂದರ್ಶಕರ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸಲು ಬರುತ್ತಿರುವವರೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ಕೆಲಸ ಮುಗಿದ ಮೇಲೆ ಊರಿಗೆ ಹಿಂತಿರುಗುತ್ತೇವೆ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು. ಮಗಳ ಸಂಬಳ ಎಷ್ಟೇ ದೊಡ್ಡದಿದ್ದರೂ ಈ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ನಿಮ್ಮ ಜಮೀನು, ಮನೆ, ಇಲ್ಲಿರುವ ಮಕ್ಕಳು, ವಯಸ್ಸಾದ ತಂದೆತಾಯಿ, ನಿಂತ ಬೆಳೆ, ಇವೇ ಉತ್ತರ.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನನ್ನು ಇದೇ ಕಾರಣಕ್ಕೆ ಚೆನ್ನೈನ ಅಮೆರಿಕ ಕಾನ್ಸುಲೇಟ್ ಕಚೇರಿಗೆ, ವೀಸಾ ಸಂದರ್ಶನಕ್ಕೆಂದು ಕರೆದುಕೊಂಡು ಹೋಗಿದ್ದೆ. ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಎರಡು ಕೆ.ಜಿ. ತೂಕದ ಫೈಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದ್ದರು. ಕಿಟಕಿಯ ಮುಂದೆ ಅವರು ನಿಂತದ್ದು ಐದು ನಿಮಿಷವೂ ಇರಲಾರದು. ಯಾಕೆ ಹೋಗುತ್ತೀರಿ, ಎಷ್ಟು ದಿನ, ಇಲ್ಲಿ ಮನೆ ನೋಡಿಕೊಳ್ಳುವವರು ಯಾರು ಎಂಬ ಮೂರೇ ಪ್ರಶ್ನೆ. ‘ಮಗಳ ಬಾಣಂತನಕ್ಕೆ. ನಾಕು ತಿಂಗಳು. ಹಸ ನೋಡ್ಕೊಳ್ಳಕ್ಕೆ ನಮ್ಮ ತಮ್ಮನ ಮನೆಯೋರು ಯುಗಾದಿ ಗಂಟ ಒಪ್ಕಂಡವ್ರೆ, ಆಮೇಲೆ ನಾನೇ ಬರ್ಬೇಕು’ ಎಂದು ಹೇಳಿದೆನೆಂದು ಹೊರಗೆ ಬಂದು ನನಗೆ ತಿಳಿಸಿದರು. ಫೈಲಿನ ದಾರ ಬಿಚ್ಚಿರಲೇ ಇಲ್ಲ. ವೀಸಾ ಸಿಕ್ಕಿತ್ತು.

ಆದ್ದರಿಂದ ಬಾಣಂತನದ ಮಾತನ್ನು ಮುಚ್ಚಿಡಬೇಡಿ. ತಾಯಿಯಾದವಳು ಸಂಬಳವಿಲ್ಲದೆ ಮಗಳ ಆರೈಕೆ ಮಾಡುವುದು ಉದ್ಯೋಗವೆನಿಸುವುದಿಲ್ಲ. ನೆರೆಮನೆಯವರ ಮಗುವನ್ನು ಹಣ ಪಡೆದು ನೋಡಿಕೊಂಡರೆ ಮಾತ್ರ ಅದು ಉದ್ಯೋಗ, ಅದಕ್ಕೆ ಈ ವೀಸಾದಲ್ಲಿ ಅವಕಾಶವಿಲ್ಲ. ಇದಕ್ಕೆ ಬದಲಾಗಿ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋಗುತ್ತೇವೆ ಎಂದು ಹೇಳಿಕೊಟ್ಟದ್ದನ್ನು ಒಪ್ಪಿಸಿ, ಮರುಪ್ರಶ್ನೆಗೆ ತಡವರಿಸಿದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದ್ದು ಅಥವಾ ನಕಲಿ ದಾಖಲೆ ಕೊಟ್ಟದ್ದು ಸಾಬೀತಾದರೆ ಜೀವನಪರ್ಯಂತ ಪ್ರವೇಶ ನಿರ್ಬಂಧವಾಗಬಹುದು. ಆಗ ಶಿಕ್ಷೆ ನಿಮಗೆ, ಏಜೆಂಟರಿಗಲ್ಲ.

ಕ್ರಮ ಹೀಗಿದೆ. ಡಿಎಸ್-160 ಎಂಬ ಅರ್ಜಿಯನ್ನು ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕವಾಗಿ ಆನ್‌ಲೈನಿನಲ್ಲಿ ತುಂಬಬೇಕು. ಮಗಳೇ ತುಂಬಿದರೂ ಸಲ್ಲಿಸುವ ಮೊದಲು ಫೋನಿನಲ್ಲಿ ಸಾಲು ಸಾಲಾಗಿ ಕನ್ನಡದಲ್ಲಿ ಓದಿಸಿಕೊಳ್ಳಿ, ಏಕೆಂದರೆ ಅದರಲ್ಲಿರುವ ಪ್ರತಿ ಉತ್ತರವೂ ನಿಮ್ಮದೇ ಹೇಳಿಕೆ. ಅರ್ಜಿ ಶುಲ್ಕ ಒಬ್ಬರಿಗೆ 185 ಡಾಲರ್. ವೀಸಾ ನಿರಾಕರಿಸಿದರೂ ಇದು ವಾಪಸು ಬರುವುದಿಲ್ಲ. ಭಾವಚಿತ್ರ ಎರಡು ಇಂಚು ಚೌಕದ್ದು, ಬಿಳಿ ಹಿನ್ನೆಲೆಯದು, ಆರು ತಿಂಗಳೊಳಗೆ ತೆಗೆದದ್ದಾಗಿರಬೇಕು, ಕನ್ನಡಕ ಇರಕೂಡದು. ಸಂದರ್ಶನಕ್ಕೆ ಮೊದಲು ಬೇರೊಂದು ದಿನ ಬೆರಳಚ್ಚು ಕೊಡಲು ಹೋಗಬೇಕಾಗಿರುವುದರಿಂದ ಚೆನ್ನೈಗೆ ಹೋದ ದಿನವೇ ಹಿಂತಿರುಗುವ ಟಿಕೆಟ್ ತೆಗೆಸಬೇಡಿ. ಸಂದರ್ಶನದ ಭಾಷೆಯನ್ನು ದಿನ ನಿಗದಿಪಡಿಸುವಾಗಲೇ ಕನ್ನಡವೆಂದು ಸೂಚಿಸಿ, ಕಿಟಕಿಯ ಬಳಿ ಭಾಷಾಂತರಿಸುವ ಸಿಬ್ಬಂದಿಯ ನೆರವು ಸಿಗುತ್ತದೆ. ಮೊಬೈಲನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮಗಳ ಮನೆಯ ವಿಳಾಸವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. 214(ಬಿ) ಅಡಿ ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಹೊಸದಾಗಿ ಶುಲ್ಕ ಕಟ್ಟಿ ಮತ್ತೆ ಅರ್ಜಿ ಹಾಕಬಹುದು.

ಪ್ರಯಾಣ ವಿಮೆಯನ್ನು ಈ ವೀಸಾಕ್ಕೆ ಕಡ್ಡಾಯ ಮಾಡಿಲ್ಲ. ಆದರೂ ಅಲ್ಲಿನ ಆಸ್ಪತ್ರೆಯ ಬಿಲ್ಲು ಒಂದು ವರ್ಷದ ಕಬ್ಬಿನ ಹಣವನ್ನೇ ನುಂಗಬಲ್ಲದು. ನಿಮ್ಮಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅದು ವಿಮೆಯಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಪ್ರಶ್ನೆ: ನಾವು ನಿವೃತ್ತ ಶಿಕ್ಷಕ ದಂಪತಿ. ಪ್ಯಾರಿಸ್‌ನಲ್ಲಿ ನಾಲ್ಕು ದಿನ, ಅಲ್ಲಿಂದ ರೈಲಿನಲ್ಲಿ ಲಂಡನ್ನಿಗೆ ಹೋಗಿ ಎರಡು ದಿನ, ಮತ್ತೆ ಸ್ವಿಟ್ಜರ್ಲೆಂಡಿನಲ್ಲಿ ಐದು ದಿನ, ಇಟಲಿಯಲ್ಲಿ ನಾಲ್ಕು ದಿನ ಕಳೆಯುವ ಯೋಜನೆಯಿದೆ. ಫ್ರಾನ್ಸಿಗೆ ಮೊದಲು ಹೋಗುವುದರಿಂದ ಫ್ರಾನ್ಸಿನ ಷೆಂಗೆನ್ ವೀಸಾ ಪಡೆದರೆ ಎಲ್ಲಕ್ಕೂ ಸಾಕೇ?
— ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ಷೆಂಗೆನ್ ವೀಸಾ ಯುರೋಪಿನ 29 ದೇಶಗಳಿಗೆ ಅನ್ವಯಿಸುತ್ತದೆ, ಆದರೆ ಬ್ರಿಟನ್ ಮತ್ತು ಐರ್ಲೆಂಡ್ ಅದರೊಳಗೆ ಇಲ್ಲ. ಲಂಡನ್ನಿನ ಎರಡು ದಿನಕ್ಕೂ ಬ್ರಿಟನ್ನಿನ ಸಂದರ್ಶಕರ ವೀಸಾವನ್ನು ಪ್ರತ್ಯೇಕ ಶುಲ್ಕ ಕಟ್ಟಿ ಪಡೆಯಬೇಕು.

ಷೆಂಗೆನ್ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸುವುದು ನಿಯಮ. ನಿಮ್ಮ ಯೋಜನೆಯಲ್ಲಿ ಅದು ಸ್ವಿಟ್ಜರ್ಲೆಂಡ್. ಎಲ್ಲ ಕಡೆಯೂ ಸಮಾನ ದಿನಗಳಿದ್ದರೆ ಮಾತ್ರ ಮೊದಲು ಕಾಲಿಡುವ ದೇಶದ ಮಾತು ಬರುತ್ತದೆ. ನಿಮ್ಮ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದು ಅಡಗಿದೆ. ಪ್ಯಾರಿಸ್‌ನಿಂದ ಲಂಡನ್ನಿಗೆ ಹೊರಟ ಕ್ಷಣವೇ ನೀವು ಷೆಂಗೆನ್ ವಲಯದಿಂದ ಹೊರಬಿದ್ದಂತೆ. ಒಂದೇ ಪ್ರವೇಶದ ವೀಸಾ ಕೈಯಲ್ಲಿದ್ದರೆ, ಅದರ ದಿನಾಂಕ ಇನ್ನೂ ಬಾಕಿಯಿದ್ದರೂ, ಲಂಡನ್ನಿನಿಂದ ಸ್ವಿಟ್ಜರ್ಲೆಂಡಿಗೆ ಹೋಗಲಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆ ಎಂಬ ಜಾಗವೊಂದಿರುತ್ತದೆ. ಅಲ್ಲಿ 01 ಎಂದಿದ್ದರೆ ಒಂದೇ ಸಲ, ಮಲ್ಟ್ ಎಂದಿದ್ದರೆ ಹಲವು ಸಲ. ಅದರ ಪಕ್ಕದಲ್ಲೇ ಎಷ್ಟು ದಿನ ತಂಗಬಹುದೆಂಬ ಸಂಖ್ಯೆಯೂ ಇರುತ್ತದೆ. ವೀಸಾದ ಆರಂಭ ಮತ್ತು ಕೊನೆಯ ದಿನಾಂಕಗಳ ನಡುವಿನ ಅಂತರಕ್ಕಿಂತ ಈ ಸಂಖ್ಯೆ ಕಡಿಮೆಯಿರಬಹುದು, ಪಾಲಿಸಬೇಕಾದುದು ಇದನ್ನೇ. ನನ್ನನ್ನು ಕೇಳಿದರೆ ಲಂಡನ್ನನ್ನು ಪ್ರವಾಸದ ಮೊದಲಿಗೋ ಕೊನೆಗೋ ಇಟ್ಟುಕೊಳ್ಳುವುದು ಕ್ಷೇಮ. ಆಗ ಈ ತೊಡಕೇ ಇರುವುದಿಲ್ಲ.

ಶುಲ್ಕ ಒಬ್ಬರಿಗೆ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಸಲ್ಲಿಸುವಂತಿಲ್ಲ, ಹದಿನೈದು ದಿನಕ್ಕಿಂತ ತಡವೂ ಮಾಡುವಂತಿಲ್ಲ. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬೇಸಿಗೆ ರಜೆಗೆ ಮುಂಚೆ ಬಹಳ ನೂಕುನುಗ್ಗಲು ಇರುತ್ತದೆಯಾದ್ದರಿಂದ ಎರಡು ಮೂರು ತಿಂಗಳು ಮುಂಚಿತವಾಗಿ ದಿನ ಪಡೆದುಕೊಳ್ಳಿ. ಪಾಸ್‌ಪೋರ್ಟ್ ನೀವು ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟಗಳಿರಬೇಕು. ಅಮೆರಿಕಕ್ಕಿಂತ ಭಿನ್ನವಾಗಿ ಇಲ್ಲಿ ಪ್ರಯಾಣ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೊ ಮೊತ್ತದ್ದಾಗಿ, ಇಡೀ ಷೆಂಗೆನ್ ವಲಯಕ್ಕೂ ನೀವು ತಂಗುವ ಎಲ್ಲ ದಿನಗಳಿಗೂ ಅನ್ವಯಿಸುವಂತಿರಬೇಕು. ಇಲ್ಲಿ ಕಾಗದಪತ್ರಗಳೇ ಮುಖ್ಯವಾಗಿರುವುದರಿಂದ ಪಿಂಚಣಿ ಆದೇಶ, ಪಿಂಚಣಿ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್, ಹೋಟೆಲ್ ಮತ್ತು ವಿಮಾನದ ಕಾಯ್ದಿರಿಸುವಿಕೆ, ದಿನವಾರು ಪ್ರವಾಸದ ವಿವರ ಇವುಗಳಲ್ಲಿನ ದಿನಾಂಕಗಳು ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳಿ. ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಜೋಡಿಸಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡುತ್ತಾರೆ, ಮೇಲ್ಮನವಿಗೂ ಅವಕಾಶವಿದೆ.

ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಮೀರಬಾರದೆಂಬ ಮಿತಿ ನಿಮ್ಮ ಎರಡು ವಾರದ ಪ್ರವಾಸಕ್ಕೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದೆ, ಮನೆತನದ ಹೆಸರಿನ ಜಾಗ ಖಾಲಿ. ದುಬೈಯಲ್ಲಿರುವ ತಮ್ಮನನ್ನು ನೋಡಲು ಹೋಗಬೇಕು. ತೊಂದರೆಯಾಗುತ್ತದೆಯೇ?
— ಮದ್ದೂರು

ಉತ್ತರ: ಆಗಬಹುದು. ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲಿ ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬಳಸುವುದೇ ರೂಢಿಯಾದ್ದರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಸಂದರ್ಶಕರ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲೇ ತಿಳಿಸಿತ್ತು. ಟಿಕೆಟ್ ತೆಗೆಸುವ ಮೊದಲು ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ, ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿಯಾಗಿ, ಇನಿಷಿಯಲ್ ಆಗಿ ಅಲ್ಲ, ಮನೆತನದ ಹೆಸರಿನ ಜಾಗಕ್ಕೆ ಸೇರಿಸಿಕೊಳ್ಳಿ. ಆಧಾರ್ ಕಾರ್ಡಿನಲ್ಲೂ ಅದೇ ರೂಪವಿರಲಿ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಆರಂಭವಾದದ್ದು. ಈ ಕೆಲಸಕ್ಕೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಪ್ರಶ್ನೆ: ಮಗ ಕೆನಡಾದ ಕಾಯಂ ನಿವಾಸಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಅವನೊಡನೆ ಇರಲು ದಾರಿ ಇದೆಯೇ?
— ಸರಸ್ವತಿಪುರಂ, ಮೈಸೂರು

ಉತ್ತರ: ಇದೆ. ಕೆನಡಾದ ಪ್ರಜೆ ಅಥವಾ ಕಾಯಂ ನಿವಾಸಿಯ ತಂದೆತಾಯಿ, ಅಜ್ಜ ಅಜ್ಜಿಯರಿಗೆಂದೇ ‘ಸೂಪರ್ ವೀಸಾ’ ಎಂಬುದಿದೆ. 2022ರ ಜುಲೈ 4ರಿಂದ ಇದರಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಲು ಅವಕಾಶ ಕೊಡಲಾಗುತ್ತಿದೆ. ಮಗನು ಆಹ್ವಾನ ಪತ್ರ ಬರೆದುಕೊಡಬೇಕು, ಅವನ ಆದಾಯ ಕುಟುಂಬದ ಗಾತ್ರಕ್ಕೆ ತಕ್ಕಂತೆ ಸರ್ಕಾರ ನಿಗದಿಪಡಿಸಿದ ಮಿತಿಗಿಂತ ಕಡಿಮೆ ಇರಬಾರದು, ನಿಮಗೆ ವೈದ್ಯಕೀಯ ತಪಾಸಣೆ ಆಗಿರಬೇಕು, ಮತ್ತು ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ, ಒಂದು ವರ್ಷ ಚಾಲ್ತಿಯಲ್ಲಿರುವ ಆರೋಗ್ಯ ವಿಮೆ ಬೇಕು. ವಯಸ್ಸಾದವರಿಗೆ ಈ ವಿಮೆಯ ಕಂತೇ ದೊಡ್ಡ ಖರ್ಚು. ನೀವು ಆರು ತಿಂಗಳೊಳಗೇ ಮರಳುವುದಾದರೆ ಸಾಮಾನ್ಯ ಸಂದರ್ಶಕರ ವೀಸಾ ಸಾಕು, ಅದಕ್ಕೆ ಈ ವಿಮೆಯ ನಿಬಂಧನೆಯಿಲ್ಲ. ಮಗನೊಡನೆ ಮಾತನಾಡಿ, ನಿಜವಾಗಿ ಎಷ್ಟು ದಿನ ಇರುತ್ತೀರೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಅರ್ಜಿ ಹಾಕಿ.