ಪರಿಹಾರ ಕಮ್ಮಿ ಬಂದಿದೆ, ಚೆಕ್ ತಗೊಳ್ಳೋದಾ ಬೇಡ್ವಾ?

ಕೆರೆ ಕಾಲುವೆಗೆ ಸರ್ಕಾರ ತಗೊಂಡ ಜಮೀನಿಗೆ ಪರಿಹಾರ ಕಮ್ಮಿ ಬಂದಿದೆ, ಏನ್ ಮಾಡೋದು ಅಂತ ಕೇಳಿದ್ರಿ. ಅಷ್ಟು ಕಮ್ಮಿ ಕಟ್ಟಿದ್ದಾರೆ ಅಂದ್ರೆ ಬಹುಶಃ ಬರೀ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಅಂತ ಸರ್ಕಾರ ಗೊತ್ತು ಮಾಡಿದ ಬೆಲೆ) ಹಿಡಿದು ಲೆಕ್ಕ ಹಾಕಿರ್ತಾರೆ, ನಮ್ದೂ ಹಂಗೇ ಆಗಿತ್ತು. 2013ರ ಭೂಸ್ವಾಧೀನ ಕಾಯ್ದೇಲಿ ಅದನ್ನ ಅಕ್ಕಪಕ್ಕದ ಅದೇ ಥರದ ಜಮೀನುಗಳ ಸರಾಸರಿ ಮಾರಾಟದ ಬೆಲೆ ಜೊತೆ ಹೋಲಿಸಿ ಯಾವ್ದು ಜಾಸ್ತಿನೋ ಅದನ್ನೇ ತಗೋಬೇಕು ಅಂತಿದೆ, ಆ ಸರಾಸರಿನೂ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ಇರೋ ಅರ್ಧದಷ್ಟು ಪತ್ರಗಳದ್ದು.

ಮೊದ್ಲು ಅವಾರ್ಡ್ (ಪರಿಹಾರ ಎಷ್ಟು ಅಂತ ತೀರ್ಮಾನಿಸಿದ ಆದೇಶ) ಕಾಪಿ ಇಸ್ಕೊಳ್ಳಿ. 100% ಸೊಲೇಷಿಯಂ (ಬಲವಂತವಾಗಿ ಜಮೀನು ಹೋಗಿದ್ದಕ್ಕೆ ಪರಿಹಾರದಷ್ಟೇ ಮೇಲೆ ಕೊಡೋ ಹಣ) ಸೇರಿದ್ಯಾ, ಬೋರ್‌ವೆಲ್, ಮರ ಬಿಟ್ಟೋಗಿದ್ಯಾ ನೋಡಿ, ನಮ್ದ್ರಲ್ಲಿ 11 ತೆಂಗಿಗೆ 7 ಅಂತ ಬರ್ದಿದ್ರು! ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪಕ್ಕದ ಸರ್ವೆ ನಂಬರ್‌ಗಳ ಕ್ರಯಪತ್ರದ ನಕಲು ತೆಗೆಸಿ.

ಚೆಕ್ ತಗೊಳ್ಳಿ, ಬೇಡ ಅನ್ನಕ್ಕೆ ಹೋಗ್ಬೇಡಿ. ಆದ್ರೆ ಸೈನ್ ಹಾಕೋ ಜಾಗದಲ್ಲೇ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಅಂತ ಕೈಯಾರೆ ಬರೆದು ಫೋಟೋ ಹೊಡ್ಕೊಳ್ಳಿ, ಸುಮ್ನೆ ಸೈನ್ ಹಾಕಿ ತಗೊಂಡ್ಬಿಟ್ರೆ ಮುಂದೆ ಜಾಸ್ತಿ ಕೇಳೋ ಹಕ್ಕೇ ಹೋಗುತ್ತೆ. ಅವಾರ್ಡ್ ದಿನ ನೀವು ಹಾಜರಿದ್ರೆ ಅವತ್ತಿಂದ 6 ವಾರದೊಳಗೆ, ಇಲ್ದಿದ್ರೆ ನೋಟಿಸ್ ಕೈಗೆ ಬಂದ 6 ವಾರ ಅಥವಾ ಅವಾರ್ಡ್ ಆದ 6 ತಿಂಗಳು, ಯಾವ್ದು ಮೊದ್ಲು ಮುಗಿಯುತ್ತೋ ಅದರೊಳಗೆ ಕಲಂ 64ರ ಅರ್ಜಿ (ಪರಿಹಾರ ಒಪ್ಪಿಲ್ಲ, ಪ್ರಾಧಿಕಾರಕ್ಕೆ ಕಳಿಸಿ ಅಂತ ಕೇಳೋದು) ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ನೋಟಿಸ್ ಯಾವ ಕಾಯ್ದೇದು ಅಂತ ನೀವು ಬರ್ದಿಲ್ಲ, ನೋಟಿಸ್‌ನ ತಲೆಬರಹದಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956 ಅಂತಿದ್ರೆ ಈ ಅರ್ಜಿ ನಡೆಯಲ್ಲ, ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಹತ್ರ ಹೋಗ್ಬೇಕು.