ಬಾಲ ತುಂಡಾದ ತೊರಕೆಯ ಉದ್ದ ಎಷ್ಟು?

ಪ್ರಶ್ನೆ: ಮುಂಬೈಯ ಸಸೂನ್ ಡಾಕ್‌ಗೆ ಬೆಳಗ್ಗೆ ಮೀನು ತರಲು ಹೋದರೆ ತಲೆ ಕತ್ತರಿಸಿದ ಶಾರ್ಕ್, ಬಾಲವಿಲ್ಲದ ತೊರಕೆ (ರೇ ಮೀನು) ಬಿದ್ದಿರುತ್ತವೆ. ಪೂರ್ತಿ ಉದ್ದ ಅಂದಾಜು ಮಾಡಬಹುದೇ?
– ಡೊಂಬಿವಿಲಿಯ ಓದುಗರು

ಉತ್ತರ: ಮಾಡಬಹುದು, ಆದರೆ ಜಾತಿ ಯಾವುದೆಂದು ಗೊತ್ತಿರಬೇಕು. ಒಂದೇ ಜಾತಿಯ ಇಡೀ ಮೀನುಗಳನ್ನು ಅಳೆದು, ಭಾಗಕ್ಕೂ ಒಟ್ಟು ಉದ್ದಕ್ಕೂ ಲೆಕ್ಕ ಕಟ್ಟಿಟ್ಟಿರುತ್ತಾರೆ. ಅಟ್ಲಾಂಟಿಕ್‌ನ ನೀಲಿ ಶಾರ್ಕ್‌ಗೆ 1995ರಲ್ಲಿ ಬಂದ ಲೆಕ್ಕ ನೋಡಿ. ಮೂತಿಯಿಂದ ಬಾಲದ ಕವಲಿನವರೆಗೆ 200 ಸೆಂ.ಮೀ. ಇದ್ದರೆ, 1.39 ಕಳೆದು 0.8313ರಿಂದ ಭಾಗಿಸಿ. ಒಟ್ಟು ಉದ್ದ ಸುಮಾರು 239 ಸೆಂ.ಮೀ. ಇದನ್ನೇ ಥ್ರೆಶರ್ ಶಾರ್ಕ್‌ಗೆ ಹಾಕಿದರೆ ಕೆಟ್ಟಿತು. ಅದರ ಬಾಲವೇ ಹೆಚ್ಚುಕಮ್ಮಿ ಒಟ್ಟು ಉದ್ದದ ಅರ್ಧ!

ತಲೆಯೇ ಇಲ್ಲವೇ? ಬೆನ್ನಿನ ಎರಡು ರೆಕ್ಕೆಗಳ ನಡುವಿನ ಅಂತರ ಅಳೆಯಿರಿ. ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಅಂತರ ಸಣ್ಣದು, ಅಲ್ಲಿ ಒಂದು ಸೆಂ.ಮೀ. ತಪ್ಪಿದರೆ ಒಟ್ಟು ಉದ್ದದಲ್ಲಿ ಹಲವು ಸೆಂ.ಮೀ. ತಪ್ಪುತ್ತದೆ.

ತೊರಕೆಯ ಬಾಲಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮುರಿಯುವುದೇ ಜಾಸ್ತಿ, ಅಲ್ವಾ? ಸಂಶೋಧಕರೂ ರೆಕ್ಕೆಯ ತುದಿಯಿಂದ ತುದಿಗೆ ಅಗಲವನ್ನೇ ಬರೆದುಕೊಳ್ಳುತ್ತಾರೆ.

ಟೇಪನ್ನು ಬೆನ್ನಿನ ಉಬ್ಬಿನ ಮೇಲೆ ಹಾಯಿಸದೆ ನೇರವಾಗಿ ಹಿಡಿಯಿರಿ. ಹರಾಜಿನ ಗಡಿಬಿಡಿಯಲ್ಲಿ ಮೀನು ಮಾರುವ ಮಾವಶಿಯರು ಬೈದರೆ ನನ್ನ ಹೆಸರು ಹೇಳಬೇಡಿ.