ಸ್ಕೀಯಿಂಗ್ ಬರದವರು ಝೆರ್ಮಾಟ್‌ಗೆ ಹೋಗಬಹುದಾ?

ಅಪ್ಪ ಅಮ್ಮನ ಜೊತೆ ಸ್ವಿಟ್ಜರ್ಲೆಂಡಿಗೆ ಬರುತ್ತಿದ್ದೇವೆ, ಯಾರಿಗೂ ಸ್ಕೀಯಿಂಗ್ ಬರಲ್ಲ, ಝೆರ್ಮಾಟ್‌ಗೆ ಹೋದರೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಆ ಊರಿಗೆ ಹೆಸರು ಬಂದದ್ದು ಸ್ಕೀಯಿಂಗ್‌ನಿಂದ ಅಲ್ಲವೇ ಅಲ್ಲ.

ಬಂದದ್ದು ಒಂದು ದುರಂತದಿಂದ. ಊರಿನ ನೆತ್ತಿಯ ಮೇಲೆ ಮ್ಯಾಟರ್‌ಹಾರ್ನ್ ಬೆಟ್ಟ ನಿಂತಿದೆ, ಎತ್ತರ 4,478 ಮೀಟರ್. 1865ರ ಜುಲೈ 14ರಂದು ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ಮತ್ತು ಜೊತೆಗಿದ್ದ ಆರು ಜನ ಮೊದಲ ಸಲ ಅದರ ತುದಿ ಮುಟ್ಟಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಬಿದ್ದು ಸತ್ತರು. ಹಗ್ಗ ತಾನಾಗಿ ಹರಿಯಿತೋ, ಯಾರಾದರೂ ಕತ್ತರಿಸಿದರೋ ಅನ್ನುವ ಅನುಮಾನ ಎದ್ದು ವಿಚಾರಣೆಯೂ ನಡೆಯಿತು. ಇಷ್ಟಾದ ಮೇಲೆ ಜನ ಹೆದರಿ ದೂರ ಇರಬೇಕಿತ್ತು, ಅಲ್ವಾ? ಆದದ್ದು ಉಲ್ಟಾ, ಆ ಬೆಟ್ಟ ನೋಡಲೆಂದೇ ಬರತೊಡಗಿದರು. ಆ ತುಂಡು ಹಗ್ಗ ಈಗಲೂ ಊರಿನ ಮ್ಯೂಸಿಯಂನಲ್ಲಿದೆ. ಬೇರೆ ಏನು ಬಿಟ್ಟರೂ ಅದನ್ನು ಬಿಡಬೇಡಿ.

1891ರಲ್ಲಿ ರೈಲು ಬಂತು, 1898ರಲ್ಲಿ ಪಕ್ಕದ ಗೋರ್ನರ್‌ಗ್ರಾಟ್ ಬೆಟ್ಟಕ್ಕೆ ಹತ್ತುವ ಕರೆಂಟ್ ರೈಲೂ ಬಂತು. ಆದರೆ ಕೆಳಗಿನಿಂದ ಊರಿಗೆ ಬರುವ ರೈಲು ಮೊದಮೊದಲು ಬೇಸಿಗೆಯಲ್ಲಿ ಮಾತ್ರ ಓಡುತ್ತಿತ್ತು. ಚಳಿಗಾಲದಲ್ಲೂ ಓಡಲು ಶುರುವಾದದ್ದು 1930ರ ದಶಕದಲ್ಲಿ, ಸ್ಕೀಯಿಂಗ್ ಬೆಳೆದದ್ದು ಆ ಹೊತ್ತಿಗೆ. ಈಗ ಮೇಲಿನ ಹಿಮನದಿಯ ಮೇಲೆ ಬೇಸಿಗೆಯಲ್ಲೂ ಸ್ಕೀ ಮಾಡುತ್ತಾರೆ, ಆದರೂ 2022ರ ಬೇಸಿಗೆಯಲ್ಲಿ ಸೆಕೆಗೆ ಹಿಮ ಕರಗಿ ಅದನ್ನೂ ಕೆಲಕಾಲ ನಿಲ್ಲಿಸಬೇಕಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಊರೊಳಗೆ ಪೆಟ್ರೋಲ್ ಕಾರು ಇಲ್ಲದಿರುವುದು. ಕಾರನ್ನು ಕೆಳಗಿನ ಟ್ಯಾಶ್ ಅನ್ನುವ ಹಳ್ಳಿಯಲ್ಲಿ ಬಿಟ್ಟು ರೈಲು ಹತ್ತಬೇಕು, ಊರಲ್ಲಿ ಓಡುವುದು ಪುಟ್ಟ ಬ್ಯಾಟರಿ ಗಾಡಿಗಳು. ಹಳೇ ಬೀದಿಯಲ್ಲಿ ಕಪ್ಪಾದ ಮರದ ಕಣಜಗಳಿವೆ, ಇಲಿ ಹತ್ತದಿರಲಿ ಅಂತ ಅವುಗಳ ಕಾಲಿನ ಮೇಲೆ ಚಪ್ಪಟೆ ಕಲ್ಲಿಟ್ಟಿದ್ದಾರೆ. ಸುಮ್ನೆ ಅಡ್ಡಾಡಿದರೂ ಹೊತ್ತು ಹೋಗುತ್ತದೆ.

ಅಪ್ಪ ಅಮ್ಮನಿಗೆ 3,089 ಮೀಟರ್‌ನ ಗೋರ್ನರ್‌ಗ್ರಾಟ್ ಸಾಕು, ರೈಲಿನಲ್ಲಿ ಕೂತೇ ತಲುಪಬಹುದು. 3,883 ಮೀಟರ್‌ಗೆ ಹೋಗುವ ಕೇಬಲ್ ಕಾರ್ ಬೇಡ, ಅಷ್ಟು ಎತ್ತರದಲ್ಲಿ ವಯಸ್ಸಾದವರಿಗೆ ಏದುಸಿರು, ತಲೆಸುತ್ತು ಬರಬಹುದು. ಟಿಕೆಟ್ ದುಬಾರಿ, ಸ್ವಿಸ್ ರೈಲಿನ ರಿಯಾಯಿತಿ ಕಾರ್ಡ್ ಆದ ಹಾಫ್ ಫೇರ್ ಕಾರ್ಡ್ ಇದ್ದರೆ ಅರ್ಧ ಉಳಿಯುತ್ತದೆ. ಮುಂಗಡ ತೆಗೆಯಬೇಡಿ. ಬೆಳಿಗ್ಗೆ ಎದ್ದು ಬೆಟ್ಟದ ವೆಬ್‌ಕ್ಯಾಮ್ ನೋಡಿ, ಮೋಡ ಇಲ್ಲದಿದ್ದರೆ ಮಾತ್ರ ಕೊಳ್ಳಿ.